ಮೊದಲ ಸಲದ್ದು ಚೆಲ್ಲಬೇಕು

ನನಗೆ ಅನುಮಾನ ಜಾಸ್ತಿ ಎಂದು ಎಲ್ಲರೂ ಹೇಳುತ್ತಾರೆ. ಹೇಳಲಿ, ನಾನೇನು ಇಲ್ಲ ಎಂದಿಲ್ಲ. ಇಪ್ಪತ್ತೆರಡು ವರ್ಷದಿಂದ ಅಂಗಡಿ ಅಂಗಡಿ ತಿರುಗಿ ತಕ್ಕಡಿ, ತೂಕದ ಕಲ್ಲು, ಲೀಟರಿನ ಮಾಪು ಪರೀಕ್ಷೆ ಮಾಡಿ, ಸರಿಯಿದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ಕೇಸು ಬರೆಯುವುದು ನನ್ನ ಕೆಲಸ. ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರೆ ಸಾಕು, ‘ತೂಕದಮ್ಮ ಬಂದ್ಲು’ ಎಂಬ ಸುದ್ದಿ ನನಗಿಂತ ಮುಂಚೆ ಕೊನೆಯ ಅಂಗಡಿ ಮುಟ್ಟಿರುತ್ತದೆ. ತಟ್ಟೆಯ ಅಡಿಗೆ ಅಂಟಿಸಿದ ಬಟಾಣಿಯಷ್ಟು ಮೇಣ, ತಳ ಒಳಕ್ಕೆ ತಟ್ಟಿದ ಲೀಟರು, ಹೊಟ್ಟೆ ಕೊರೆದು ಹಗುರ ಮಾಡಿದ ಕಲ್ಲು, ಎಲ್ಲ ನೋಡಿಯಾಗಿದೆ. ನಗುತ್ತ ‘ಬನ್ನಿ ಮೇಡಂ, ಕೂತ್ಕೊಳ್ಳಿ’ ಎನ್ನುವವನ ತಕ್ಕಡಿಯನ್ನು ನಾನು ಎರಡು ಸಲ ನೋಡುತ್ತೇನೆ.

ಅಂಥವಳ ಎದುರು ಕೂತು ಒಂದು ಮಂಗಳವಾರ ಬೆಳಿಗ್ಗೆ ಡಾಕ್ಟರು, ‘ನಿಮ್ಮ ಕಿಡ್ನಿ ಲೆಕ್ಕಕ್ಕಿಂತ ಕಡಿಮೆ ಬರ್ತಿದೆ’ ಎಂದರು.

ಕಿಡ್ನಿ ನನ್ನದಲ್ಲ, ನನ್ನ ಅಕ್ಕನದು. ನನ್ನವೆರಡೂ ಕೈಕೊಟ್ಟ ಮೇಲೆ ಒಂದೂವರೆ ವರ್ಷ, ವಾರಕ್ಕೆ ಮೂರು ದಿನ, ರಕ್ತ ತೊಳೆಯುವ ಯಂತ್ರಕ್ಕೆ ತೋಳು ಒಪ್ಪಿಸಿ ಮಲಗಿದ್ದೆ. ಮೂರು ತಿಂಗಳ ಹಿಂದೆ ಅಕ್ಕ ತನ್ನದೊಂದನ್ನು ತೆಗೆಸಿ ನನಗೆ ಕೊಟ್ಟಳು. ನನಗಿಂತ ಐದು ವರ್ಷಕ್ಕೆ ದೊಡ್ಡವಳು, ಗಂಡ ತೀರಿಕೊಂಡ ಮೇಲೆ ಹಾಲಿನ ಅಂಗಡಿ ಒಬ್ಬಳೇ ನಡೆಸುವವಳು, ನನ್ನ ಅರ್ಧದಷ್ಟು ತೂಕವಿಲ್ಲದಿದ್ದರೂ ಇಪ್ಪತ್ತು ಲೀಟರಿನ ಕ್ಯಾನು ಸೊಂಟಕ್ಕೇರಿಸಿ ನಡೆಯುವವಳು. ಆ ಕಿಡ್ನಿ ಒಳಗೆ ಕೂತ ಮೇಲೆ ಬಾಯಲ್ಲಿ ಕಬ್ಬಿಣದ ರುಚಿ ಹೋಗಿ ನೀರಿಗೆ ನೀರಿನ ರುಚಿ ಬಂದಿತ್ತು. ಅದು ಕಡಿಮೆ ಬರುತ್ತಿದೆ ಎಂದರೆ ಸುಮ್ಮನೆ ತಲೆಯಾಡಿಸುವುದು ಹೇಗೆ?

ಡಾಕ್ಟರು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಒಂದು ನೀಲಿ ಗೆರೆ, ಅದರ ಕೆಳಗೆ ಕೆಂಪು ಚುಕ್ಕಿಗಳು.

‘ಈ ಗೆರೆ ನಾವು ಮೊದಲೇ ಊಹಿಸಿದ್ದು. ಕೊಟ್ಟವರ ವಯಸ್ಸು, ಅವರ ಕಿಡ್ನಿ ಗಾತ್ರ, ಆಪರೇಷನ್ನಿಗೆ ಮುಂಚೆ ಅದು ಎಷ್ಟು ರಕ್ತ ಸೋಸ್ತಿತ್ತು, ನಿಮ್ಮ ತೂಕ, ಎಲ್ಲ ಹಾಕಿದ್ರೆ ನಿಮ್ಮೊಳಗೆ ಅದು ಎಷ್ಟು ಕೆಲಸ ಮಾಡುತ್ತೆ ಅಂತ ಬರುತ್ತೆ. ಅಂಕ ಹೆಚ್ಚಿದ್ದಷ್ಟೂ ಒಳ್ಳೇದು. ನಿಮಗೆ ಅರುವತ್ತು ಬರಬೇಕಿತ್ತು. ಐದು ವಾರದಿಂದ ನಲವತ್ತೆರಡರಲ್ಲೇ ನಿಂತಿದೆ.’

‘ಸೂಜಿ ಹಾಕಿ ಚೂರು ತೆಗೆದು ನೋಡಿದ್ರಲ್ಲ?’

‘ನೋಡಿದ್ವಿ. ಏನೂ ಸಿಗಲಿಲ್ಲ. ಆದರೆ ಸೂಜಿಗೆ ಸಿಗದ ಕಡೆ ನಿಮ್ಮ ದೇಹ ಅದರ ಜೊತೆ ಜಗಳ ಶುರುಮಾಡಿರಬಹುದು. ಅಥವಾ ಮಾತ್ರೆ ತಪ್ಪಿಸ್ತಿರಬಹುದು’ ಎಂದರು.

‘ನಾನಾ?’

‘ಎಲ್ರನ್ನೂ ಕೇಳಲೇಬೇಕಾದ ಪ್ರಶ್ನೆ ಅದು.’ ಅವರು ಕನ್ನಡಕ ತೆಗೆದು ಒರೆಸಿದರು. ‘ಸೋಮವಾರದವರೆಗೆ ನೋಡ್ತೀನಿ. ಆಮೇಲೆ ಆ ಜಗಳ ಅಡಗಿಸೋ ಔಷಧಿ ಏರಿಸ್ತೀನಿ.’

‘ಜಗಳವೇ ಇಲ್ಲದಿದ್ರೆ?’

‘ಅದೇ ಕಷ್ಟ. ಆ ಔಷಧಿ ಜಾಸ್ತಿಯಾದ್ರೆ ಅದರಿಂದಲೇ ಕಿಡ್ನಿ ಸವೆಯುತ್ತೆ. ಆದರೆ ಬೇರೆ ಕಾರಣ ಕಾಣದಿದ್ರೆ ಸುಮ್ನೆ ಕೂತಿರೋಕೂ ಆಗಲ್ಲ.’

ಅಂದರೆ ನನಗೆ ಸಿಕ್ಕಿದ್ದು ಆರು ದಿನ. ಹೊರಗೆ ಬಂದಾಗ ನೋಡುತ್ತೇನೆ, ಕಾಗದಪತ್ರ ನೋಡಿಕೊಳ್ಳುವ ನರ್ಸು ನನ್ನ ಗಂಡನನ್ನು ಗೋಡೆಯ ಮೂಲೆಗೆ ಕರೆದು ಪಿಸುಗುಟ್ಟುತ್ತಿದ್ದಾಳೆ. ಆಕೆಯನ್ನು ಅಲ್ಲಿ ಎಲ್ಲರೂ ಫೈಲಮ್ಮ ಎನ್ನುತ್ತಾರೆ. ನನ್ನ ಗಂಡ ತಪ್ಪು ಮಾಡಿದ ಮಗುವಿನ ತಂದೆಯ ಹಾಗೆ ತಲೆಯಾಡಿಸುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು.

ನನ್ನ ಗಂಡ ಶಾಲೆಯೊಂದರಲ್ಲಿ ಹಾಜರಿ ಗುಮಾಸ್ತರು. ಅವರ ಕೈಗೆ ಒಂದು ಪಟ್ಟಿ ಸಿಕ್ಕರೆ ಮುಗಿಯಿತು. ಮಾರನೆಯ ದಿನ ಬೆಳಿಗ್ಗೆ ಏಳಕ್ಕೆ ಮಾತ್ರೆ ನುಂಗಿ ತಿರುಗಿದರೆ, ಅವರು ಅಡಿಗೆಮನೆಯ ಬಾಗಿಲಲ್ಲಿ ನೋಟ್‌ಬುಕ್ಕು ಹಿಡಿದು ನಿಂತಿದ್ದಾರೆ.

‘ನಾಲಿಗೆ ಎತ್ತು’ ಎಂದರು.

‘ಏನಂದ್ರಿ?’

‘ನಾಲಿಗೆ ಕೆಳಗೆ ಇಟ್ಕೊಂಡು ಆಮೇಲೆ ಉಗುಳ್ತಾರಂತೆ ಕೆಲವರು. ಫೈಲಮ್ಮ ಹೇಳಿದ್ರು.’

‘ನಾನು ಉಗುಳೋದಾದ್ರೆ ಎಲ್ಲಿ ಉಗುಳ್ತೀನಿ ಅಂತ ಈಗಲೇ ತೋರಿಸ್ಲಾ?’

ಅವರು ಎರಡು ಹೆಜ್ಜೆ ಹಿಂದೆ ಸರಿದರು, ನೋಟ್‌ಬುಕ್ಕು ಮಾತ್ರ ಮುಚ್ಚಲಿಲ್ಲ. ಆಮೇಲೆ ನಾನಿಲ್ಲದಾಗ ಕಸದ ಬುಟ್ಟಿ ತಡಕಿ ಮಾತ್ರೆಯ ಖಾಲಿ ಪಟ್ಟಿಗಳನ್ನೆಲ್ಲ ಎಣಿಸಿದ್ದರು. ಲೆಕ್ಕ ಒಂದೂ ತಪ್ಪಿರಲಿಲ್ಲ. ತಪ್ಪದೇ ಇದ್ದದ್ದಕ್ಕೆ ಅವರಿಗೆ ಸಂತೋಷವಾದ ಹಾಗೆ ಕಾಣಲಿಲ್ಲ, ಏಕೆಂದರೆ ಮಾತ್ರೆ ತಪ್ಪಿಸಿದ್ದರೆ ಕಾರಣವೊಂದು ಸಿಕ್ಕಿರುತ್ತಿತ್ತು. ಪಾಪ, ಹೆದರಿದ್ದರು. ನಾನೂ ಹೆದರಿದ್ದೆ. ಹೆದರಿದಾಗ ಅವರು ಎಣಿಸುತ್ತಾರೆ, ನಾನು ಜಗಳಕ್ಕೆ ಇಳಿಯುತ್ತೇನೆ.

ಅನುಮಾನ ಪಡುವುದೇ ಆದರೆ ಬಲ್ಲವಳು ನಾನಿದ್ದೇನಲ್ಲ ಎಂದು ಅಂದೇ ಕೆಲಸಕ್ಕೆ ಇಳಿದೆ. ಮೊದಲು ಲ್ಯಾಬಿನ ಮೇಲೆ ಸಂಶಯ. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಕೊಟ್ಟು, ಹತ್ತಿಯನ್ನು ಇನ್ನೂ ಒತ್ತಿಹಿಡಿದುಕೊಂಡೇ ಎರಡು ಬೀದಿ ಆಚೆಯ ಬೇರೊಂದು ಲ್ಯಾಬಿಗೆ ಹೋಗಿ ಅಲ್ಲೂ ಕೊಟ್ಟೆ. ಯಂತ್ರವನ್ನು ಕೊನೆಯ ಸಲ ಯಾವಾಗ ಪರೀಕ್ಷಿಸಿದಿರಿ ಎಂದು ಕೇಳಿದೆ. ಅಲ್ಲಿನ ಹುಡುಗಿ ಯಂತ್ರದ ಪಕ್ಕಕ್ಕೆ ಅಂಟಿಸಿದ ಚೀಟಿ ತೋರಿಸಿದಳು. ತಾರೀಖು ಸರಿಯಿತ್ತು, ಸಹಿಯೂ ಇತ್ತು. ಸಂಜೆ ಎರಡೂ ಕಡೆಯಿಂದ ಒಂದೇ ಅಂಕ ಬಂತು. ನಲವತ್ತೆರಡು.

ಆಮೇಲೆ ಇನ್ನೊಂದು ಹುಳ ಹೊಕ್ಕಿತು. ಅಕ್ಕನ ಕಿಡ್ನಿ ಇನ್ಯಾರಿಗೋ ಹಾಕಿ, ಇನ್ಯಾರದೋ ನನಗೆ ಹಾಕಿದರೆ ಯಾರು ನೋಡಿದ್ದಾರೆ? ನಾನಂತೂ ಬಾಯಿ ತೆರೆದು ಮಲಗಿದ್ದೆ. ಗುರುವಾರ ಹೋಗಿ ಫೈಲಮ್ಮನ ಮೇಜಿನ ಮುಂದೆ ಕೂತು ನೇರವಾಗಿ ಕೇಳಿಯೇಬಿಟ್ಟೆ. ಆಕೆ ಕೋಪಿಸಿಕೊಳ್ಳಲಿಲ್ಲ. ನನ್ನಂಥವರನ್ನು ಬೇಕಾದಷ್ಟು ನೋಡಿದವಳು.

‘ಆವತ್ತು ಇಡೀ ಆಸ್ಪತ್ರೆಯಲ್ಲಿ ಕಿಡ್ನಿಗೆ ಅಂತ ಇದ್ದೋರು ನೀವಿಬ್ರೇ. ಒಂದು ಬಾಗಿಲಿಂದ ಅವರದು ಬಂತು, ಹತ್ತು ಹೆಜ್ಜೆ ನಡೆದು ನಿಮ್ಮ ಕಡೆ ಬಂತು. ಹಿಡ್ಕೊಂಡು ಬಂದವಳೇ ನಾನು’ ಎಂದಳು. ‘ದಾನ ಕೊಟ್ಟ ಹಸುವಿನ ಹಲ್ಲು ಹಿಡಿದು ನೋಡಿದರಂತೆ. ಹಾಗಾಯ್ತು ನಿಮ್ಮ ಕಥೆ.’

‘ನೋಡ್ತೀನಮ್ಮ. ನೋಡೋದೇ ನನ್ನ ಕೆಲಸ’ ಎಂದೆ.

ಮಾತು ಗಟ್ಟಿಯಾಗಿ ಬಂದರೂ ಒಳಗೆ ನಾಚಿಕೆಯಾಯಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುವುದು ನನ್ನನ್ನು ನೋಡಿಯೇ ಹೇಳಿದ್ದಿರಬೇಕು. ಎದ್ದು ಹೊರಟವಳಿಗೆ ಬಾಗಿಲ ಹತ್ತಿರ ನಮ್ಮ ಹಳೆಯ ಮೇಲಧಿಕಾರಿಯ ಮಾತು ನೆನಪಾಯಿತು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಆತ ಹೇಳಿದ್ದು ಇಷ್ಟೇ: ತಕ್ಕಡಿ ಸರಿಯಿದ್ದೂ ತೂಕ ಕಡಿಮೆ ಬಂದರೆ, ಸಾಮಾನು ಬೈಯಬೇಡ, ಮೊದಲು ಕಲ್ಲು ತೂಗು.

ನಾನು ಮೂರು ದಿನದಿಂದ ನಲವತ್ತೆರಡನ್ನೇ ಹಿಡಿದು ಜಗ್ಗುತ್ತಿದ್ದೆ. ಅರುವತ್ತನ್ನು ಯಾರೂ ತೂಗಿರಲಿಲ್ಲ.

ವಾಪಸು ಬಂದು ಕೂತೆ. ‘ಆ ಅರುವತ್ತು ಎಲ್ಲಿಂದ ಬಂತು? ಅದಕ್ಕೆ ಏನೇನು ಹಾಕಿದ್ರಿ, ಆ ಹಾಳೆ ತೋರಿಸಿ.’

ಫೈಲಮ್ಮ ನಿಟ್ಟುಸಿರುಬಿಟ್ಟು ಕಪಾಟಿನಿಂದ ಅಕ್ಕನ ಫೈಲು ಎಳೆದಳು. ವಯಸ್ಸು ಐವತ್ಮೂರು, ಸರಿ. ತೂಕ ನಲವತ್ತೇಳು, ಸರಿ. ಕಿಡ್ನಿಯ ಗಾತ್ರ, ಎರಡೂ ಹೆಚ್ಚುಕಡಿಮೆ ಒಂದೇ, ಸರಿ. ಆಮೇಲೆ ಒಂದರ ಹಿಂದೆ ಒಂದು ಎರಡು ಹಾಳೆ. ಇಪ್ಪತ್ನಾಲ್ಕು ಗಂಟೆಯ ಮೂತ್ರ ಹಿಡಿದು, ಎರಡು ಕಿಡ್ನಿಯೂ ಸೇರಿ ಎಷ್ಟು ಸೋಸುತ್ತವೆ ಎಂದು ಕಂಡುಹಿಡಿದ ಹಾಳೆಗಳು. ಮೊದಲನೆಯದರಲ್ಲಿ ಎಪ್ಪತ್ತೊಂಬತ್ತು. ಹನ್ನೆರಡು ದಿನ ಬಿಟ್ಟು ಮಾಡಿದ ಎರಡನೆಯದರಲ್ಲಿ ನೂರನಾಲ್ಕು.

‘ಯಾಕೆ ಎರಡು?’

‘ಕೊಡೋರಿಗೆ ತೊಂಬತ್ತರ ಮೇಲೆ ಇರಬೇಕು. ಕಡಿಮೆ ಇದ್ರೆ ನಾವು ತಗೊಳ್ಳಲ್ಲ, ಉಳಿದ ಒಂದರಲ್ಲಿ ಅವರು ಬದುಕಬೇಕಲ್ಲ. ಮೊದಲನೇ ಸಲ ಕಡಿಮೆ ಬಂತು. ಜನ ಒಂದೊಂದು ಸಲದ್ದು ಹಿಡಿಯೋಕೆ ಮರೀತಾರೆ, ಚೆಲ್ಲಿಕೊಳ್ತಾರೆ. ಅದಕ್ಕೆ ಇನ್ನೊಂದು ಸಲ ಮಾಡಿಸ್ತೀವಿ.’

‘ರಕ್ತ ಪರೀಕ್ಷೆಯಿಂದಲೂ ಇದೇ ಲೆಕ್ಕ ಹಾಕ್ತೀರಲ್ಲ, ಅದು ಏನು ಹೇಳಿತ್ತು?’

‘ಅದೂ ಎಂಬತ್ತರ ಹತ್ತಿರವೇ. ಆದರೆ ಭಾರ ಹೊತ್ತು ಗಟ್ಟಿಯಾದ ಮೈ ಇದ್ದೋರಿಗೆ ರಕ್ತದ ಲೆಕ್ಕ ಕಡಿಮೆ ತೋರಿಸುತ್ತೆ. ನಿಮ್ಮಕ್ಕ ಹಾಲಿನ ಕ್ಯಾನು ಹೊರೋರು. ಹಾಗಾಗಿ ಎರಡನೇದನ್ನೇ ಹಿಡಿದ್ವಿ.’

ಎಲ್ಲಕ್ಕೂ ಉತ್ತರವಿತ್ತು. ಎಲ್ಲಕ್ಕೂ ಉತ್ತರವಿರುವ ಅಂಗಡಿಯನ್ನು ಕಂಡರೆ ನನಗೆ ಆಗುವುದಿಲ್ಲ. ಹಾಳೆಯ ಮೇಲುಗಡೆ ಮೂತ್ರದ ಅಳತೆ ಬರೆದಿತ್ತು. ಮೊದಲ ಸಲ ಒಂದು ಲೀಟರು ಎಂಟುನೂರು. ಎರಡನೇ ಸಲ ಎರಡು ಲೀಟರು ನಾನೂರು. ಅಕ್ಕ ಗುಬ್ಬಚ್ಚಿಯ ಹಾಗೆ ನೀರು ಕುಡಿಯುವವಳು. ಆ ಮೇಲಿನ ಆರುನೂರು ಎಲ್ಲಿಂದ ಬಂತು?

ಆ ಪರೀಕ್ಷೆಗೆ ಒಂದು ನಿಯಮವಿದೆ. ಬೆಳಿಗ್ಗೆ ಎದ್ದ ತಕ್ಷಣ ಮೊದಲ ಸಲ ಹೋದದ್ದನ್ನು ಚೆಲ್ಲಬೇಕು, ಏಕೆಂದರೆ ಅದು ಹಿಂದಿನ ರಾತ್ರಿಯದು. ಅಲ್ಲಿಂದ ಗಂಟೆ ಲೆಕ್ಕ ಶುರು. ಮಾರನೆಯ ಬೆಳಿಗ್ಗೆ ಅದೇ ಹೊತ್ತಿನದನ್ನು ಹಿಡಿದರೆ ಮುಗಿಯಿತು. ಚೆಲ್ಲದೆ ಹಿಡಿದರೆ ಇಪ್ಪತ್ನಾಲ್ಕು ಗಂಟೆಯ ಕ್ಯಾನಿನಲ್ಲಿ ಮೂವತ್ತೆರಡು ಗಂಟೆಯದು ಕೂರುತ್ತದೆ, ಮೂರಕ್ಕೆ ಒಂದು ಜಾಸ್ತಿಯಾಗುತ್ತದೆ. ಎಪ್ಪತ್ತೊಂಬತ್ತಕ್ಕೆ ಅದರ ಮೂರನೇ ಒಂದು ಪಾಲು ಸೇರಿಸಿ ನೋಡಿದೆ. ನೂರೈದರ ಹತ್ತಿರ ಬಂತು.

ಅಕ್ಕನಿಗೆ ಆ ನಿಯಮ ಗೊತ್ತಿರಲಿಲ್ಲ ಎನ್ನೋಣವೆಂದರೆ, ಅದನ್ನು ಹೇಳಿಕೊಟ್ಟವಳೇ ನಾನು. ಮೊದಲನೇ ಪರೀಕ್ಷೆಯ ಹಿಂದಿನ ದಿನ ಅವಳನ್ನು ಎದುರಿಗೆ ಕೂರಿಸಿಕೊಂಡು, ಮಾಪು ಹಿಡಿಯುವ ಮುಂಚೆ ಪಾತ್ರೆ ಖಾಲಿಯಿರಬೇಕು, ಹಾಗೆಯೇ ಇದು, ಮೊದಲ ಸಲದ್ದು ಚೆಲ್ಲಬೇಕು ಎಂದು ಮೂರು ಸಲ ಒಪ್ಪಿಸಿದ್ದೆ. ಅವಳೂ ಮೂರು ಸಲ ನನಗೆ ತಿರುಗಿ ಒಪ್ಪಿಸಿದ್ದಳು.

ಕಡಿಮೆ ಅಳೆದವರನ್ನು ಹಿಡಿದು ಹಿಡಿದು ನನ್ನ ಕಣ್ಣು ಒಂದೇ ಕಡೆಗೆ ವಾಲಿತ್ತು. ಹೆಚ್ಚು ಅಳೆದವರ ಮೇಲೆ ಇಪ್ಪತ್ತೆರಡು ವರ್ಷದಲ್ಲಿ ಒಂದು ಕೇಸೂ ಬರೆದಿರಲಿಲ್ಲ. ಡಾಕ್ಟರದೂ ಅದೇ ಕಥೆ ಇರಬೇಕು. ಮೂತ್ರ ಕಡಿಮೆ ತಂದವರನ್ನು ಅವರು ಸಂಶಯಿಸುತ್ತಾರೆ, ಹೆಚ್ಚು ತಂದವರನ್ನು ಯಾರು ಕೇಳುತ್ತಾರೆ?

ಶುಕ್ರವಾರ ಅಕ್ಕನ ಅಂಗಡಿಗೆ ಹೋದೆ. ಅವಳ ಮನೆಯ ಮುಂದಿನ ಒಂದೇ ಕೋಣೆ, ಸಿಮೆಂಟು ಕಟ್ಟೆ, ಕಟ್ಟೆಯ ಮೇಲೆ ನಾನೇ ಮುದ್ರೆ ಒತ್ತಿಕೊಟ್ಟ ಒಂದು ಲೀಟರಿನ ಮಾಪು. ಅಕ್ಕ ಯಾರಿಗೋ ಹಾಲು ಅಳೆಯುತ್ತಿದ್ದಳು. ಲೀಟರು ತುಂಬಿ ಸುರಿದು, ಆಮೇಲೆ ಒಂದು ಸುತ್ತು ಮೇಲಿಂದ ಕೊಸರು ಸುರಿದಳು. ಕೊಸರು ಹಾಕದೆ ಕೈ ಹಿಂದೆ ಬರುವುದೇ ಇಲ್ಲ ಅವಳಿಗೆ.

‘ಏನೇ, ಮುಖ ಊದಿಸ್ಕೊಂಡು ಬಂದಿದ್ದೀಯ? ನನ್ನ ಕಿಡ್ನಿ ಹೇಳಿದ ಮಾತು ಕೇಳ್ತಿಲ್ವಾ?’ ಎಂದಳು.

‘ನಿನ್ನದಲ್ವಾ, ಹೇಗೆ ಕೇಳುತ್ತೆ’ ಎಂದು ಕಟ್ಟೆಯ ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತೆ. ಗಿರಾಕಿ ಹೋಗುವವರೆಗೆ ಕಾದೆ. ‘ಅಕ್ಕ, ಎರಡನೇ ಪರೀಕ್ಷೆಗೆ ಆ ಕ್ಯಾನಿಗೆ ಏನೇನು ಹಾಕ್ದೆ?’

‘ಏನು ಹಾಕ್ತಾರೆ ಅದಕ್ಕೆ, ಹಾಲಾ?’ ನಕ್ಕಳು. ಆದರೆ ಆಗಲೇ ತೊಳೆದಿಟ್ಟಿದ್ದ ಕ್ಯಾನೊಂದನ್ನು ಎಳೆದುಕೊಂಡು ಮತ್ತೆ ತಿಕ್ಕತೊಡಗಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ನಾನು ಮುಂದೆ ಕೇಳುವುದರೊಳಗೆ ಅವಳು ತಿಕ್ಕುವುದನ್ನು ನಿಲ್ಲಿಸಿ, ಗೂಡಿನಿಂದ ಮಾತ್ರೆಯ ಪಟ್ಟಿ ತೆಗೆದು ಒಂದನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದಳು.

‘ಏನದು?’

‘ಮಂಡಿ ನೋವಿಂದು. ದಿನಕ್ಕೆ ಎರಡು. ನಿಂತಿದ್ದು ಜಾಸ್ತಿಯಾದ್ರೆ ಮೂರು.’

‘ಕಿಡ್ನಿ ಕೊಟ್ಟೋರು ನೋವಿನ ಮಾತ್ರೆ ಮುಟ್ಟಬಾರದು ಅಂತ ಹೇಳಿರಲಿಲ್ವಾ ನಿನಗೆ?’

‘ಹೇಳಿದ್ರು. ಅದೆಲ್ಲ ಅಷ್ಟಕ್ಕಷ್ಟೇ ಇರೋರಿಗೆ ಕಣೇ. ನನ್ನದು ನೂರನಾಲ್ಕು ಇತ್ತಲ್ಲ.’

ನಾನು ಬಹಳ ಥರದ ಕಳ್ಳ ಕಲ್ಲು ನೋಡಿದ್ದೇನೆ. ತಾನೇ ಕಳ್ಳ ಕಲ್ಲು ಮಾಡಿ, ತಾನೇ ಅದನ್ನು ನಂಬಿ ಕೂತ ವ್ಯಾಪಾರಿಯನ್ನು ನೋಡಿರಲಿಲ್ಲ. ಎದ್ದು ಆ ಪಟ್ಟಿ ಕಿತ್ತುಕೊಂಡು ನನ್ನ ಚೀಲಕ್ಕೆ ತುರುಕಿದೆ.

‘ನಿನ್ನದು ಯಾವತ್ತೂ ನೂರನಾಲ್ಕು ಇರಲಿಲ್ಲ. ಎಪ್ಪತ್ತೊಂಬತ್ತು ಇತ್ತು. ಅದರಲ್ಲಿ ಅರ್ಧ ನನ್ನ ಹತ್ರ ಇದೆ, ಉಳಿದ ಅರ್ಧದ ಮೇಲೆ ನೀನು ದಿನಾ ಮೂರು ಮಾತ್ರೆ ಸುರೀತಿದ್ದೀಯ. ಮೊದಲ ಸಲದ್ದು ಚೆಲ್ಲಲಿಲ್ಲ ನೀನು. ಹೌದೋ ಅಲ್ಲವೋ?’

ಅಕ್ಕ ಕ್ಯಾನು ಕೆಳಗಿಟ್ಟಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

‘ಮೊದಲನೇ ಸಲ ನೀನು ಹೇಳಿದ ಹಾಗೇ ಅಳತೆಗೆ ಸರಿಯಾಗಿ ಕೊಟ್ಟೆ. ಏನಾಯ್ತು? ಬೇಡ ಅಂದ್ರು. ತೊಂಬತ್ತು ಬೇಕಂತೆ. ಆವತ್ತು ನೀನು ಆ ಯಂತ್ರದಿಂದ ಎದ್ದು ಬಂದು, ನಿಮ್ಮ ಮನೆ ಮೂರು ಮೆಟ್ಟಿಲು ಹತ್ತೋಕಾಗದೆ ಎರಡನೇದರ ಮೇಲೆ ಕೂತ್ಬಿಟ್ಟೆ. ಚಪ್ಪಲಿ ಬಿಚ್ಚೋಕೂ ಬಗ್ಗೋಕಾಗ್ತಿರಲಿಲ್ಲ ನಿನಗೆ. ಹನ್ನೊಂದು ಅಂಕಕ್ಕೋಸ್ಕರ ನಿನ್ನ ಅಲ್ಲೇ ಬಿಟ್ಬಿಡ್ಲಾ? ಸ್ವಲ್ಪ ಕೊಸರು ಹಾಕ್ದೆ. ತಪ್ಪಾ?’

‘ತಪ್ಪು.’

‘ಹೂಂ, ತಪ್ಪೇ. ಆದ್ರೆ ನಾಳೆ ಮತ್ತೆ ಮಾಡು ಅಂದ್ರೂ ಮಾಡ್ತೀನಿ.’

ಕೋಪ ಬಂತು. ಅಂಥ ಕೋಪ ನನಗೆ ಯಾವ ಅಂಗಡಿಯವನ ಮೇಲೂ ಬಂದಿಲ್ಲ. ಅದರ ಹಿಂದೆಯೇ ಅಳುವೂ ಬಂತು, ಆದರೂ ಬಾಯಿಂದ ಬಂದದ್ದು ಬೈಗುಳವೇ. ದಡ್ಡಿ ಎಂದೆ, ಮೊಂಡಿ ಎಂದೆ, ನಿನ್ನ ಮಾಪಿಗೆ ಮುದ್ರೆ ಒತ್ತಿದ ನನ್ನ ಕೈ ಸುಡಬೇಕು ಎಂದೆ. ಅವಳು ತಲೆತಗ್ಗಿಸಿ ಕೇಳಿಸಿಕೊಂಡಳು. ಮಧ್ಯೆ ಒಬ್ಬರು ಅರ್ಧ ಲೀಟರು ಕೇಳಿಕೊಂಡು ಬಂದರು. ನಮ್ಮಿಬ್ಬರ ಮುಖ ನೋಡಿ ಆಮೇಲೆ ಬರ್ತೀನಿ ಎಂದು ಹೋದರು.

‘ಡಾಕ್ಟರಿಗೆ ಹೇಳಬೇಡ’ ಎಂದಳು ಕೊನೆಗೆ. ‘ಅವರೆದುರು ನನ್ನನ್ನ ಕಳ್ಳಿ ಮಾಡಬೇಡ.’

‘ಹೇಳದಿದ್ರೆ ಸೋಮವಾರ ನನಗೆ ಔಷಧಿ ಏರಿಸ್ತಾರೆ. ಇಲ್ಲದ ಜಗಳ ಅಡಗಿಸೋಕೆ. ಆ ಔಷಧಿಯಿಂದಲೇ ನೀನು ಕೊಟ್ಟಿದ್ದು ಸವೆದುಹೋಗುತ್ತೆ. ಅದು ಆಗಬಹುದಾ?’

ಅವಳು ಶಟರು ಅರ್ಧಕ್ಕೆ ಎಳೆದು ಒಳಗೆ ಹೋಗಿ ಕೂತುಬಿಟ್ಟಳು.

ಶನಿವಾರ ಡಾಕ್ಟರಿಗೆ ಅರ್ಧ ಮಾತ್ರ ಹೇಳಿದೆ. ಎರಡನೇ ಅಳತೆಯ ಮೇಲೆ ನನಗೆ ನಂಬಿಕೆಯಿಲ್ಲ, ಅಕ್ಕನದು ಮತ್ತೆ ಮಾಡಿಸಿ, ಅಲ್ಲಿಯವರೆಗೆ ನನ್ನ ಔಷಧಿ ಮುಟ್ಟಬೇಡಿ ಎಂದೆ. ಅವರು ಎರಡೂ ಹಾಳೆ ಪಕ್ಕಪಕ್ಕ ಇಟ್ಟುಕೊಂಡು ನೋಡಿದರು. ಎರಡನೇ ಹಾಳೆಯ ಯಾವುದೋ ಒಂದು ಸಾಲಿನ ಮೇಲೆ ಪೆನ್ನು ನಿಂತಿತು.

‘ನಲವತ್ತೇಳು ಕೆಜಿ ಇರೋ ಹೆಂಗಸಿನ ಮೈಯಿಂದ ಒಂದೇ ದಿನದಲ್ಲಿ ಇಷ್ಟು ಕಲ್ಮಶ ಹೊರಬಿದ್ದಿದೆ ಅಂದ್ರೆ ತುಂಬಾ ಜಾಸ್ತಿ’ ಎಂದು ತಮಗೆ ತಾವೇ ಹೇಳಿಕೊಂಡರು. ‘ಆವತ್ತೇ ನೋಡಬೇಕಿತ್ತು ನಾನು.’ ಆಮೇಲೆ ನನ್ನ ಕಡೆ ತಿರುಗಿ, ‘ಈ ಸಲ ಯಾರಾದ್ರೂ ಜೊತೆಲಿರಬೇಕು’ ಎಂದರು.

ಜೊತೆಲಿದ್ದವಳು ನಾನೇ. ಭಾನುವಾರ ಬೆಳಿಗ್ಗೆ ಆರಕ್ಕೆ ಅಕ್ಕನ ಬಚ್ಚಲುಮನೆಯ ಬಾಗಿಲಲ್ಲಿ ನಿಂತೆ. ಅಕ್ಕ ಡಬ್ಬಿಯನ್ನು ನನಗೆ ಕಾಣುವ ಹಾಗೆ ಹಿಡಿದು ಮೋರಿಗೆ ಸುರಿದಳು. ‘ನೋಡ್ಕೊಂಡ್ಯಾ, ತೂಕದಮ್ಮ?’ ಎಂದಳು. ಆ ಹೆಸರಿನಿಂದ ಅವಳು ನನ್ನನ್ನು ಎಂದೂ ಕರೆದಿರಲಿಲ್ಲ. ಅದಾದ ಮೇಲೆ ಇಡೀ ದಿನ ನಮ್ಮಿಬ್ಬರಿಗೆ ಮಾತಿಲ್ಲ. ಅವಳು ಹಾಲು ಅಳೆದಳು, ನಾನು ಸ್ಟೂಲಿನ ಮೇಲೆ ಕೂತು ಕಾದೆ, ಅವಳು ಎದ್ದು ಹೋದಾಗಲೆಲ್ಲ ನಾನೂ ಎದ್ದು ಹೋದೆ. ಒಡಹುಟ್ಟಿದವಳ ಹಿಂದೆ ಪೊಲೀಸಿನ ಹಾಗೆ ತಿರುಗುವುದು ಯಾವ ಜನ್ಮದ ಶತ್ರುವಿಗೂ ಬೇಡ. ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಕ್ಯಾನು ಮುಚ್ಚಿ, ಚೀಟಿ ಅಂಟಿಸಿ, ನಾನೇ ಹೊತ್ತುಕೊಂಡು ಹೋಗಿ ಕೊಟ್ಟೆ.

ಮಂಗಳವಾರ ಡಾಕ್ಟರು ಇಬ್ಬರನ್ನೂ ಕರೆಸಿದರು. ಪರದೆಯ ಮೇಲೆ ನೀಲಿ ಗೆರೆ ಕೆಳಗಿಳಿದು ಕೆಂಪು ಚುಕ್ಕಿಗಳ ನೆತ್ತಿಯ ಮೇಲೆಯೇ ಕೂತಿತ್ತು.

‘ಈ ಸಲದ ಅಳತೆ ಮೊದಲನೇ ಹಾಳೆಗೇ ಹೊಂದುತ್ತೆ. ಅದರ ಎಪ್ಪತ್ತೊಂಬತ್ತು ಹಾಕಿದ್ರೆ ನಿಮ್ಮಲ್ಲಿ ನಲವತ್ನಾಲ್ಕು ಬರಬೇಕು. ನಲವತ್ತೆರಡು ಬರ್ತಿದೆ. ಅಂದ್ರೆ ಕಿಡ್ನಿಗೆ ಏನೂ ಆಗಿಲ್ಲ, ಅದರ ಶಕ್ತಿ ಇಷ್ಟೇ. ಔಷಧಿ ಏರಿಸಿದ್ದಿದ್ರೆ ಇದ್ದದ್ದನ್ನೂ ಕಳ್ಕೊಳ್ತಿದ್ವಿ.’ ಅವರು ಅಕ್ಕನ ಕಡೆ ತಿರುಗಿದರು. ‘ನಿಮ್ಮಲ್ಲಿ ಈಗ ಉಳಿದಿರೋದು ನಲವತ್ತೊಂಬತ್ತು. ಇವತ್ತಿಗೆ ಭಯ ಇಲ್ಲ. ಆದರೆ ನೋವಿನ ಮಾತ್ರೆ ಇನ್ನು ಒಂದೂ ಕೂಡದು. ಮೂರು ತಿಂಗಳಿಗೊಮ್ಮೆ ಬರಲೇಬೇಕು. ನಿಜವಾದ ಅಂಕ ಗೊತ್ತಿದ್ದಿದ್ರೆ ನಾನು ನಿಮ್ಮಿಂದ ತಗೋತಿರಲಿಲ್ಲ.’

‘ಗೊತ್ತು’ ಎಂದಳು ಅಕ್ಕ.

ಡಾಕ್ಟರು ಆ ಮಾತನ್ನು ಕೇಳಿಸಿಕೊಂಡರು. ಮೇಜಿನ ಮೇಲಿದ್ದ ಒಂದು ನಮೂನೆಯನ್ನು ಮುಂದಕ್ಕೆಳೆದು ಪೆನ್ನು ಬಿಚ್ಚಿದರು.

‘ಇಲ್ಲೊಂದು ಕಾಲಂ ಇದೆ. ಕಿಡ್ನಿ ಕೊಟ್ಟೋರಿಗೆ ಮುಂದೆ ಯಾವತ್ತಾದ್ರೂ ಅವರಿಗೇ ಕಿಡ್ನಿ ಬೇಕಾಗಿ ಬಂದ್ರೆ, ಕಾಯೋರ ಪಟ್ಟಿಯಲ್ಲಿ ಅವರಿಗೆ ಮೊದಲ ಜಾಗ. ಆದರೆ ಬೇಕಂತಲೇ ತಪ್ಪು ಅಳತೆ ಕೊಟ್ಟಿದ್ರೆ ಆ ಜಾಗ ಹೋಗುತ್ತೆ. ಹಾಗಾಗಿ ಕೇಳಲೇಬೇಕು. ಎರಡನೇ ಪರೀಕ್ಷೆಯಲ್ಲಿ ನೀವು ಚೆಲ್ಲದೇ ಹಿಡಿದ ಹಾಗೆ ಕಾಣುತ್ತೆ. ಮೊದಲ ಸಲದ್ದು ಚೆಲ್ಲಬೇಕು ಅಂತ ನಿಮಗೆ ಗೊತ್ತಿತ್ತಾ?’

ನಲವತ್ತೊಂಬತ್ತು ಅಂಕ, ಐವತ್ಮೂರು ವಯಸ್ಸು, ಮೂರು ತಿಂಗಳು ನುಂಗಿದ ಮಾತ್ರೆ. ಅವಳಿಗೆ ಆ ಜಾಗ ಬೇಕಾಗಿ ಬರಬಹುದು ಎಂದು ತಿಳಿಯಲು ಯಾವ ಯಂತ್ರದ ಊಹೆಯೂ ಬೇಕಿರಲಿಲ್ಲ. ಅಕ್ಕ ಬಾಯಿ ತೆರೆದಳು. ಅವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು, ನಿಜ ಹೇಳಿಬಿಡುತ್ತಾಳೆ.

‘ಗೊತ್ತಿರಲಿಲ್ಲ’ ಎಂದೆ ನಾನು.

ಡಾಕ್ಟರು ನನ್ನ ಕಡೆ ತಿರುಗಿದರು. ‘ಮೊದಲನೇ ಪರೀಕ್ಷೆಯಲ್ಲಿ ಸರಿಯಾಗಿ ಚೆಲ್ಲಿದ್ದಾರಲ್ಲ?’

‘ಅದನ್ನ ಚೆಲ್ಲಿದ್ದು ನಾನು. ಆವತ್ತು ಇವಳ ಮನೇಲೇ ಇದ್ದೆ. ಯಾಕೆ ಚೆಲ್ಲಿದೆ ಅಂತ ಇವಳಿಗೆ ಹೇಳಿರಲಿಲ್ಲ. ಎರಡನೇ ಸಲ ನಾನು ಯಂತ್ರದ ಮೇಲೆ ಮಲಗಿದ್ದೆ, ಇವಳೊಬ್ಬಳೇ ಮಾಡ್ಕೊಂಡ್ಳು.’

ಅವರು ನನ್ನನ್ನೇ ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಕಲ್ಲು ಮಳೆಗೆ ಸವೆದಿದೆ, ತಕ್ಕಡಿ ಮಗು ಬೀಳಿಸಿತು ಎನ್ನುವ ಅಂಗಡಿಯವರನ್ನು ನಾನು ಇಷ್ಟು ವರ್ಷ ನೋಡುತ್ತ ಬಂದದ್ದು ಅದೇ ನೋಟದಿಂದ. ಅವರಲ್ಲಿ ಒಬ್ಬರನ್ನೂ ನಾನು ಬಿಟ್ಟಿರಲಿಲ್ಲ. ಕಣ್ಣು ತಗ್ಗಿಸಿದರೆ ಸಿಕ್ಕಿಬಿದ್ದೆವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನು ಕಣ್ಣು ತಗ್ಗಿಸಲಿಲ್ಲ.

‘ಹಾಗಂತ ಬರೆದು ಸಹಿ ಹಾಕ್ತೀರಾ?’

‘ಹಾಕ್ತೀನಿ.’

ಅವರು ನಂಬಲಿಲ್ಲ. ನಂಬಲಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು. ಆದರೂ ನಮೂನೆಯನ್ನು ನನ್ನ ಕಡೆ ತಿರುಗಿಸಿದರು. ‘ದಾನಿಗೆ ನಿಯಮ ತಿಳಿದಿರಲಿಲ್ಲ’ ಎಂದು ಬರೆದು, ಸಾವಿರಾರು ಮುದ್ರೆಗಳ ಕೆಳಗೆ ಹಾಕಿದ ಅದೇ ಸಹಿಯನ್ನು ಅದರ ಕೆಳಗೆ ಹಾಕಿದೆ. ಅಕ್ಕ ಪಕ್ಕದಲ್ಲಿ ಸದ್ದಿಲ್ಲದೆ ಅಳುತ್ತಿದ್ದಳು.

ಹೊರಗಿನ ಓಣಿಯ ಬೆಂಚಿನ ಮೇಲೆ ಇಬ್ಬರೂ ಕೂತೆವು. ನಾಲ್ಕು ದಿನದ ಮೇಲೆ ಅವಳು ನನ್ನ ಜೊತೆ ಸರಿಯಾಗಿ ಮಾತಾಡಿದ್ದು ಆಗ.

‘ಆ ಜಾಗ ನಾನು ಕೇಳಿದ್ನೇನೇ? ನನಗ್ಯಾಕೆ ಬೇಕಿತ್ತು ಅದು? ನಿನ್ನ ಬಾಯಲ್ಲಿ ಸುಳ್ಳು ಬರಿಸಿದೆನಲ್ಲ ನಾನು.’

‘ನಿನಗೆ ಬೇಡ ಇರಬಹುದು’ ಎಂದೆ. ‘ನನಗೆ ನೀನು ಬೇಕು.’

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, ಅಂಗಡಿ ಬಾಗಿಲು ಹಾಕಿ ಬಂದಿದ್ದೇನೆ, ಬೇಗ ಹೋಗೋಣ ಎಂದಳು. ಮಂಡಿ ನೋವಿಗೆ ಅವಳಿಗೆ ತಟ್ಟನೆ ಏಳಲಾಗಲಿಲ್ಲ. ನಾನು ತೋಳು ಕೊಟ್ಟು ಎಬ್ಬಿಸಿದೆ.